ಹಾಸಿಗೆ ಇಲ್ಲ ಎಂದು ಯಾರಿಗೆ ಹೇಳುತ್ತೀರಿ?

1992ರ ಜುಲೈ 8ರಂದು ಪಶ್ಚಿಮ ಬಂಗಾಳದ ಮಥುರಾಪುರದಲ್ಲಿ ಓರ್ವ ಕೃಷಿ ಕಾರ್ಮಿಕ ರೈಲಿನಿಂದ ಬಿದ್ದು ತಲೆಗೆ ಗಂಭೀರವಾಗಿ ಗಾಯಗೊಂಡರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೌಲಭ್ಯವಿರಲಿಲ್ಲ. ಅವರನ್ನು ಕಲ್ಕತ್ತಾಕ್ಕೆ ಸಾಗಿಸಲಾಯಿತು. ಅಲ್ಲಿ ಒಂದರ ಬಳಿಕ ಒಂದರಂತೆ ಸರಕಾರಿ ಆಸ್ಪತ್ರೆಗಳು ಹಾಸಿಗೆ ಖಾಲಿಯಿಲ್ಲ, ಉಪಕರಣವಿಲ್ಲ ಎಂದು ಅವರನ್ನು ಹಿಂದಿರುಗಿಸಿದುವು. ಜೀವ ಉಳಿಸಿಕೊಳ್ಳಲು ಆ ಕೂಲಿಕಾರ ಖಾಸಗಿ ಆಸ್ಪತ್ರೆಗೆ ಸುಮಾರು 17 ಸಾವಿರ ರೂಪಾಯಿ ತೆರಬೇಕಾಯಿತು.

ಅವರ ಸಂಘಟನೆಯಾದ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿತು. ಸಕಾಲದಲ್ಲಿ ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೇ ವಿಧಿ ನೀಡಿರುವ ಜೀವಿಸುವ ಹಕ್ಕಿನ ಉಲ್ಲಂಘನೆ, ಹಣದ ಅಭಾವ ಇದಕ್ಕೆ ನೆಪವಾಗದು ಎಂದು 1996ರಲ್ಲಿ ತೀರ್ಪು ಬಂತು. 25 ಸಾವಿರ ರೂಪಾಯಿ ಪರಿಹಾರವೂ ದೊರೆಯಿತು. ತೀರ್ಪಿನ ಇಷ್ಟು ಭಾಗ ವಕೀಲರಿಗೆಲ್ಲ ಕಂಠಪಾಠ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತ್ತು. ಎಲ್ಲಿ ಹಾಸಿಗೆಯಿದೆಯೆಂಬುದನ್ನು ತಿಳಿದು ರೋಗಿಯನ್ನು ನೇರವಾಗಿ ಅಲ್ಲಿಗೆ ಕಳುಹಿಸಲು ಕೇಂದ್ರೀಕೃತ ಸಂಪರ್ಕ ವ್ಯವಸ್ಥೆಯಿರಬೇಕು. ಜಿಲ್ಲಾ ಮತ್ತು ಉಪವಿಭಾಗ ಆಸ್ಪತ್ರೆಗಳು ಗಂಭೀರ ರೋಗಿಗಳನ್ನು ನಿಭಾಯಿಸುವಷ್ಟು ಸಜ್ಜಾಗಬೇಕು ಎಂದು.

ತುರ್ತು ಚಿಕಿತ್ಸಾ ವಿಭಾಗದ ನೂಕುನುಗ್ಗಲಿಗೆ ನೆಗಡಿ, ಜ್ವರಕ್ಕೂ ಅಲ್ಲಿಗೇ ಓಡಿಬರುವ ಜನರೇ ಕಾರಣವೆಂಬ ವಾದವಿದೆ. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಜ್ವರದವನು ಮಾತ್ರೆ ಪಡೆದು ಅರ್ಧ ಗಂಟೆಯಲ್ಲಿ ಮನೆಗೆ ಮರಳುತ್ತಾನೆ. ಸ್ಟ್ರೆಚರ್‌ಗಳನ್ನು ತುಂಬಿಕೊಂಡಿರುವವರು ಬೇರೆಯೇ ಜನ. ವೈದ್ಯರು ಪರೀಕ್ಷಿಸಿ, ದಾಖಲಿಸಬೇಕೆಂದು ಬರೆದುಕೊಟ್ಟ ನಂತರವೂ ಅವರಿಗೆ ಒಳಗಿನ ವಾರ್ಡಿನಲ್ಲಿ ಜಾಗವಿಲ್ಲ. ಅವರು ಕದಲದೆ ಹೊಸಬರಿಗೆ ಸ್ಟ್ರೆಚರ್ ಸಿಗದು. ಹೊರಗೆ ಆಂಬುಲೆನ್ಸ್‌ಗಳು ಸಾಲುಗಟ್ಟುತ್ತವೆ. ಸಿಟ್ಟಿಗೆ ಬಲಿಯಾಗುವವನು ಮಾತ್ರ ರಾತ್ರಿ ಪಾಳಿಯ ಎಳೆಯ ವೈದ್ಯ. ಒಂದು ಹಾಸಿಗೆಯನ್ನೂ ಮಂಜೂರು ಮಾಡುವ ಅಧಿಕಾರ ಅವನಿಗಿಲ್ಲ.

ದೂರದ ಬಂಗಾಳದ ಕತೆಯೆಂದು ನಾವು ಸುಮ್ಮನಿರುವಂತಿಲ್ಲ. 2019ರಲ್ಲಿ ಉತ್ತರ ಕನ್ನಡದ ಯುವಜನರು ತಮ್ಮ ಜಿಲ್ಲೆಗೊಂದು ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು ಅಭಿಯಾನ ನಡೆಸಿದ್ದರು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿ ಕಡೆಗೆ ಧಾವಿಸುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಮೃತಪಟ್ಟರು. ರೋಗಿ ಜಿಲ್ಲೆಯ ಗಡಿ ದಾಟಿ ಓಡಬೇಕಾದ ಸ್ಥಿತಿಯನ್ನೇ ತಪ್ಪಿಸಬೇಕೆಂದಲ್ಲವೇ ಆ ತೀರ್ಪು 1996ರಲ್ಲೇ ಹೇಳಿದ್ದು? ಹೀಗೆ ಓಡಿಬಂದವರೆಲ್ಲ ಸೇರುವುದು ಮಂಗಳೂರು, ಮಣಿಪಾಲ, ಹುಬ್ಬಳ್ಳಿಯ ಆಸ್ಪತ್ರೆಗಳ ಬಾಗಿಲಿಗೆ. ಅಲ್ಲಿನ ದಟ್ಟಣೆಯ ಒಂದು ಪಾಲು ಹೊನ್ನಾವರ, ಭಟ್ಕಳ, ಕುಮಟಾಗಳಲ್ಲೇ ಹುಟ್ಟಿದ್ದು.

ಇನ್ನೊಂದು ಭವ್ಯ ಕಟ್ಟಡದ ಶಂಕುಸ್ಥಾಪನೆಗೆ ನಮ್ಮ ಜನಪ್ರತಿನಿಧಿಗಳು ಸದಾ ಸಿದ್ಧ. ನಾವು ಕೇಳಬೇಕಾದದ್ದು ಅದಕ್ಕಿಂತ ಚಿಕ್ಕದು. ಹಾಸಿಗೆ ಇಲ್ಲದಿದ್ದರೆ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ, ಹಾಸಿಗೆ ಖಚಿತಪಡಿಸಿಕೊಂಡು, ಅದರ ಹೆಸರನ್ನು ಚೀಟಿಯಲ್ಲಿ ಬರೆದುಕೊಡುವವರೆಗೆ ರೋಗಿ ಆ ಆಸ್ಪತ್ರೆಯ ಹೊಣೆಯಾಗಿಯೇ ಇರಲಿ. ಆ ಫೋನನ್ನು ಇಂದು ಮಾಡುತ್ತಿರುವವನು, ಆಂಬುಲೆನ್ಸಿನಲ್ಲಿ ತಾಯಿಯ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ಕುಳಿತ ಮಗ.