ಗೋಮಾಳದ ಮರಗಳು

ಹಳೆಯ ಮೈಸೂರಿನ ಅಮೃತಮಹಲ್ ಇಲಾಖೆಯವರು ತಮ್ಮ ಕಾವಲುಗಳನ್ನು ಬೇಸಗೆ, ಮಳೆಗಾಲ, ಚಳಿಗಾಲಗಳಿಗೆಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಬೇಸಗೆಯ ಕಾವಲಿಗೆ ನೀರು ಮತ್ತು ನೆರಳು ಇವೆರಡೂ ಇರಬೇಕೆಂಬುದೇ ಆ ವಿಂಗಡಣೆಯ ತಾತ್ಪರ್ಯವು. ಮೇವೊಂದರಿಂದಲೇ ಗೋವು ಬದುಕದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಈಗ ವಿಜ್ಞಾನವೂ ಅದನ್ನೇ ಸಾರುತ್ತಲಿದೆ. 2013ರಲ್ಲಿ ಹಾರಿಸಲ್ಪಟ್ಟ ಲ್ಯಾಂಡ್‌ಸ್ಯಾಟ್ 8 ಎಂಬ ಉಪಗ್ರಹವು 705 ಕಿಲೋಮೀಟರು ಎತ್ತರದಿಂದ ಭೂಮಿಯ ಮೈಯ ಬಿಸುಪನ್ನು ಅಳೆಯುತ್ತದೆ. ಇಂಥ ಅಳತೆಗಳಲ್ಲಿ ಬೇಸಗೆಯ ಹಗಲಿನ ಬೋಳು ನೆಲವು ಮರಗಳುಳ್ಳ ನೆಲಕ್ಕಿಂತ ಬಿಸಿಯಾಗಿ ಕಾಣುತ್ತದೆ. ಕಾರಣವು ಎರಡು ಬಗೆಯಾದುದು. ಮರವು ಬಿಸಿಲನ್ನು ನೆಲಕ್ಕೆ ಮುಟ್ಟಗೊಡದು. ಮತ್ತು ಎಲೆಗಳ ಮೂಲಕ ನೀರನ್ನು ಆವಿಯಾಗಿಸಿ ಶಾಖವನ್ನು ಕಳೆಯುತ್ತದೆ. ಒಂದು ಲೀಟರು ನೀರು ಆವಿಯಾಗಲು ಬೇಕಾದ ಶಾಖದಿಂದ ಮಂಜಿನಂತೆ ತಣ್ಣಗಿರುವ ಐದು ಲೀಟರು ನೀರನ್ನು ಕುದಿಸಬಹುದು! ಚೈತ್ರ ವೈಶಾಖಗಳಲ್ಲಿ ಹುಲ್ಲು ಒಣಗಿ ಈ ಕಾರ್ಯವನ್ನು ನಿಲ್ಲಿಸಿದಾಗಲೂ, ಆಳವಾಗಿ ಬೇರೂರಿದ ಹೊಂಗೆ ಬೇವುಗಳು ಚಿಗುರಿ ಅದನ್ನು ನಡೆಸುತ್ತವೆ.

ಹಾಗೆಂದು ಹುಲ್ಲುಗಾವಲನ್ನೆಲ್ಲ ತೋಪು ಮಾಡುವುದು ಉಚಿತವಲ್ಲ. ಒತ್ತಾಗಿ ನೆಟ್ಟ ನೀಲಗಿರಿಯ ಕೆಳಗೆ ಹುಲ್ಲು ಕ್ಷೀಣಿಸುವುದು, ಅಂತರ್ಜಲವೂ ಇಳಿಯುವುದು. ಹುಲ್ಲೂ ಉಳಿಯಬೇಕು, ನೆರಳೂ ಇರಬೇಕು ಎಂದರೆ ಅಲ್ಲಲ್ಲಿ ಬಿಡಿಯಾಗಿ ನಿಂತ ಜಾಲಿ, ಬೇವು, ಹೊಂಗೆಗಳೇ ಸರಿಯಾದುವು.

ಇಷ್ಟಾದರೂ ಗೋಮಾಳವೆಂದರೆ ಬೀಳು ಭೂಮಿಯೆಂಬ ಭ್ರಾಂತಿಯು ಕಚೇರಿಗಳಿಂದ ತೊಲಗಿಲ್ಲ. ನೂರು ದನಗಳಿಗೆ ಹನ್ನೆರಡು ಹೆಕ್ಟೇರು ಹುಲ್ಲುಗಾವಲಿರಬೇಕೆಂದು ಕಂದಾಯದ ನಿಯಮವೇ ವಿಧಿಸುತ್ತದೆ. ಆದರೂ ಒತ್ತುವರಿ ನಡೆಯುತ್ತದೆ, ಬಳಿಕ ಸಕ್ರಮವೆಂಬ ಮುದ್ರೆಯೂ ಬೀಳುತ್ತದೆ. ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆಗಳು ದೊಡ್ಡ ಸಂಸ್ಥೆಗಳಿಗೆ ಮಂಜೂರಾಗಿ, ಆ ವ್ಯಾಜ್ಯವು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮೆಟ್ಟಿಲೇರಿದುದನ್ನು ವಾಚಕರು ಮರೆತಿರಲಾರರು. ಆ ಸಂಸ್ಥೆಗಳು ದೇಶಕ್ಕೆ ಬೇಕಾದುವೇ ಸರಿ. ಆದರೆ ಕುರಿಗಾಹಿಯ ಕಂಬಳಿಯೂ ಒಕ್ಕಲಿಗನ ಜೋಡೆತ್ತುಗಳೂ ದೇಶದ ಹೊರಗಿನವೆ? ಕಾವಲು ಹೋದ ಮೇಲೆ ಅವರ ದನಕರುಗಳು ಎಲ್ಲಿ ತಂಗಬೇಕು?

ಆದಕಾರಣ ಸರ್ಕಾರದವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಗೋಮಾಳದ ಒಂದೆಕರೆಯನ್ನು ಬೇರೆಯ ಕಾರ್ಯಕ್ಕೆ ಕೊಡುವ ಮುನ್ನವೂ ಗ್ರಾಮಸಭೆಯ ಎದುರಿನಲ್ಲಿ ಅಲ್ಲಿಯ ಮರಗಳನ್ನು ಎಣಿಸಿ ಮಹಜರಿನಲ್ಲಿ ಬರೆಯಿಸಬೇಕು. ಉಳಿದ ಗೋಮಾಳಗಳಲ್ಲಿ ತಾವಾಗಿ ಮೊಳೆತ ಸಸಿಗಳಿಗೆ ಮುಳ್ಳಿನ ಬೇಲಿಯನ್ನಾದರೂ ಕಟ್ಟಿಸಬೇಕು. ಊರಿನ ಮಹಾಜನರೂ ಕೊಡಲಿಗೆ ಅಡ್ಡ ನಿಲ್ಲಬೇಕು. ಒಂದು ದಿನದಲ್ಲಿ ಉರುಳಿಸಿದ ಮರದ ನೆರಳನ್ನು ಮರಳಿ ಪಡೆಯಲು ಒಂದು ತಲೆಮಾರು ಕಾಯಬೇಕಾಗುವುದು. ದನಗಳಿಗೆ ಅಷ್ಟು ಆಯುಷ್ಯವಿಲ್ಲ.