ಅಂಡನಾಶದ ಹೊಣೆ ಯಾರ ತಲೆಗೆ?

ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಕಡೆಯ ದಂಪತಿಗಳು ಪ್ರನಾಳ ಶಿಶು ಚಿಕಿತ್ಸೆಗೆಂದು ಹುಬ್ಬಳ್ಳಿಗೆ ಹೋಗಿಬರುವುದು ಈಗ ಗುಟ್ಟಾಗಿ ಉಳಿದಿಲ್ಲ. ಚಿಕಿತ್ಸೆ ವಿಫಲವಾದಾಗ ಮನೆಯ ಹಿರಿಯರಿಂದ ಹೊರಡುವ ತೀರ್ಪು ಮಾತ್ರ ಹಳೆಯದೇ: ‘ಸೊಸೆಯ ಅಂಡ ಉಳಿಯಲಿಲ್ಲ, ಅವಳ ಪೂರ್ವಕರ್ಮ.’ ಇದು ವಿಜ್ಞಾನಕ್ಕೆ ವಿರುದ್ಧ, ಕರ್ಮಸಿದ್ಧಾಂತಕ್ಕೂ ಅಪಚಾರ. ಕೊಂಡ ಹತ್ತಿ ತೂಕದಲ್ಲಿ ಕಡಿಮೆ ಬಂದರೆ ಕರ್ಮವೆಂದು ಸುಮ್ಮನಾಗುವ ವ್ಯಾಪಾರಿ ಎಲ್ಲಿದ್ದಾನೆ?

ಪಶು ಆಸ್ಪತ್ರೆಗಳಲ್ಲಿ ಹೋರಿಯ ವೀರ್ಯವನ್ನು ದ್ರವ ಸಾರಜನಕದಲ್ಲಿ ಕಾಪಾಡುವುದನ್ನು ನಮ್ಮ ರೈತರೆಲ್ಲ ಬಲ್ಲರು. ಸ್ತ್ರೀಯ ಅಂಡವನ್ನು ಶೇಖರಿಸಿಡುವುದೂ ಅದೇ ಮೈನಸ್ 196 ಡಿಗ್ರಿ ಶೈತ್ಯದಲ್ಲಿ. ಆದರೆ ವೀರ್ಯಾಣು ಅತಿ ಚಿಕ್ಕದು, ಅದರಲ್ಲಿ ನೀರು ಅಲ್ಪ. ಅಂಡವೋ ಶರೀರದ ಅತಿ ದೊಡ್ಡ ಜೀವಕೋಶ, ತುಂಬ ನೀರುಳ್ಳದ್ದು; ನಿಧಾನವಾಗಿ ತಣಿಸಿದರೆ ಆ ನೀರು ಹರಳುಗಟ್ಟಿ ಕೋಶವನ್ನು ಒಳಗಿನಿಂದಲೇ ಇರಿಯುತ್ತದೆ. ಹಿಂದಿನ ಪದ್ಧತಿಯಲ್ಲಿ ಅನೇಕ ಅಂಡಗಳು ಹೀಗೆ ನಾಶವಾದವು. ಕ್ಷಣಮಾತ್ರದಲ್ಲಿ ಗಾಜಿನಂತೆ ಘನೀಕರಿಸುವ ಈಗಿನ ವಿಟ್ರಿಫಿಕೇಶನ್ ವಿಧಾನದಲ್ಲಿ, ನುರಿತ ಕೈಗಳಿದ್ದರೆ, ಯುವತಿಯರ ಹತ್ತು ಅಂಡಗಳಲ್ಲಿ ಎಂಟೊಂಬತ್ತು ಬದುಕುತ್ತವೆ. ಕೈ ನುರಿತದ್ದಲ್ಲದಿದ್ದರೆ, ಮರಳಿ ಬೆಚ್ಚಗಾಗಿಸುವಾಗ ಶಾಖದ ಲೆಕ್ಕ ತಪ್ಪಿದರೆ, ಅಂಡ ಪಕ್ವವಾಗಿರದಿದ್ದರೆ ನಷ್ಟ ಹೆಚ್ಚುತ್ತದೆ. ಇದರಲ್ಲಿ ಸೊಸೆಯ ಪಾಪವೆಲ್ಲಿ ಬಂತು?

ವಯಸ್ಸಿನ ಮಾತು ನಿಜ. ಸ್ತ್ರೀಯ ಅಂಡಗಳೆಲ್ಲ ಅವಳು ತಾಯಿಯ ಗರ್ಭದಲ್ಲಿದ್ದಾಗಲೇ ಉಂಟಾದವು, ಅವಳೊಡನೆಯೇ ಮುಪ್ಪಾಗುತ್ತವೆ, 35ರ ಬಳಿಕ ಅವುಗಳ ಗುಣ ಬೇಗಬೇಗನೆ ಕುಂದುತ್ತದೆ. ಆದರೆ ಆ ವರ್ಷಗಳನ್ನು ಕಳೆದವರಾರು? ಹರಕೆ, ತಾಯಿತಗಳಲ್ಲಿ ಕಾಲ ನೂಕಿ, ಮಗನ ವೀರ್ಯಪರೀಕ್ಷೆಯನ್ನು ಮರ್ಯಾದೆಯ ಪ್ರಶ್ನೆಯಾಗಿಸಿದ ಮನೆಯವರೇ. ಬಂಜೆತನವೆಂಬ ಶಬ್ದಕ್ಕೆ ಪುಲ್ಲಿಂಗವನ್ನೇ ಕಲ್ಪಿಸದ ಸಮಾಜವಿದು.

2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆಯು ಯಶಸ್ಸಿನ ಸಾಧ್ಯತೆ, ಅಪಾಯ, ಖರ್ಚುಗಳನ್ನು ದಂಪತಿಗಳಿಗೆ ತಿಳಿಸಿ ಹೇಳುವುದು ಚಿಕಿತ್ಸಾಲಯದ ಕರ್ತವ್ಯವೆಂದು ವಿಧಿಸಿದೆ. ಆದುದರಿಂದ ಎಷ್ಟು ಅಂಡ ತೆಗೆದರು, ಎಷ್ಟು ಪಕ್ವ, ಎಷ್ಟು ಫಲಿಸಿದವು, ಶೇಖರಿಸಿದ್ದರಲ್ಲಿ ಎಷ್ಟು ಉಳಿದವು ಎಂದು ಖಾತೆ ಕೇಳುವುದು ಉದ್ಧಟತನವಾಗದು.

ಇನ್ನೊಂದು ಕಲಮು ಶ್ರಾವಕರಿಗೆ ವಿಶೇಷವಾಗಿ ವಿಚಾರಣೀಯ. ಉಳಿದ ಭ್ರೂಣಗಳನ್ನು 10 ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಆ ಬಳಿಕ ಅವು ನಶಿಸಲು ಬಿಡಬೇಕು, ಇಲ್ಲವೆ ಒಪ್ಪಿಗೆ ಪಡೆದು ಸಂಶೋಧನೆಗೆ ಕೊಡಬೇಕು. ಸೂರ್ಯಾಸ್ತದ ಮೇಲೆ ಉಣ್ಣದ, ಗಡ್ಡೆಗೆಣಸು ಮುಟ್ಟದ ಮನೆಯವರು ಒಪ್ಪಿಗೆಯ ಪತ್ರಕ್ಕೆ ಓದದೆಯೇ ಸಹಿ ಹಾಕಿದರೆ ಅದು ಎಂಥ ಅಹಿಂಸೆ? ಎಷ್ಟು ಅಂಡಗಳನ್ನು ಫಲಿಸಬೇಕು, ಉಳಿದರೆ ಏನು ಗತಿ ಎಂಬುದನ್ನು ವೈದ್ಯರೊಡನೆ ಮೊದಲೇ ಮಾತನಾಡಿ, ಬರೆಯಿಸಿಕೊಂಡು, ಆಮೇಲೆ ಸಹಿ ಮಾಡಲಿ. ಆ ಮಾತುಕತೆಯಲ್ಲಿ ಸೊಸೆಗೂ ಒಂದು ಕುರ್ಚಿ ಇರಲಿ.