‘ಆರ್ಡ್ಯುಅಸ್’ ಎಂಬ ಮಾತು

ಆಂಗ್ಲಭಾಷೆಯ ‘ಆರ್ಡ್ಯುಅಸ್’ ಎಂಬ ಶಬ್ದವನ್ನು ನಮ್ಮ ಅನುವಾದಕರು ಕಂಡಕಂಡಲ್ಲೆಲ್ಲ ‘ಕಷ್ಟಕರ’ವೆಂದು ಬರೆದು ಮುಂದೆ ಸಾಗುತ್ತಾರೆ. ‘ಡಿಫಿಕಲ್ಟ್’ ಎಂಬುದಕ್ಕೂ ಅದೇ ‘ಕಷ್ಟಕರ’! ಎರಡು ಬೇರೆ ನಾಣ್ಯಗಳಿಗೆ ಒಂದೇ ಬೆಲೆ ಕಟ್ಟುವ ಈ ವ್ಯಾಪಾರದಿಂದ ಭಾಷೆಗೆ ನಷ್ಟವೇ ಹೊರತು ಲಾಭವಿಲ್ಲ.

‘ಆರ್ಡ್ಯುಅಸ್’ ಲ್ಯಾಟಿನ್ ಮೂಲದ್ದು. ಅಲ್ಲಿ ‘ಆರ್ದುವುಸ್’ ಎಂದರೆ ಕಡಿದಾದುದು, ಎತ್ತರವಾದುದು. ಬೆಟ್ಟವೇರುವವನ ಏದುಸಿರು ಆ ಶಬ್ದದೊಳಗೆ ಇಂದಿಗೂ ಅಡಗಿದೆ. ‘ಡಿಫಿಕಲ್ಟ್’ ಎಂಬುದರ ಮೂಲಾರ್ಥವಾದರೋ ಸುಲಭವಲ್ಲದ್ದು ಎಂದಷ್ಟೆ. ಒಗಟು ಕಷ್ಟವಾದೀತು, ಉತ್ತರ ಹೊಳೆದೊಡನೆ ಕಷ್ಟ ತೀರಿತು. ಅದು ‘ಆರ್ಡ್ಯುಅಸ್’ ಅಲ್ಲ. ಕಿಟ್ಟೆಲ್ ಮಹಾಶಯರು 1853ರಲ್ಲಿ ಭಾರತಕ್ಕೆ ಬಂದು, ಪರಭಾಷೆಯಾದ ಕನ್ನಡವನ್ನು ಕಲಿತು, ಅದರ ಮಾತುಗಳನ್ನು ಒಂದೊಂದಾಗಿ ಕೂಡಿಸಿ, 1894ರಲ್ಲಿ ಮಂಗಳೂರಿನಿಂದ ನಿಘಂಟನ್ನು ಹೊರತಂದರಷ್ಟೆ? ಅಂತಹ ಕಾರ್ಯಕ್ಕೆ ಈ ವಿಶೇಷಣವು ಸಲ್ಲತಕ್ಕುದು. ಅಲ್ಲಿ ಬುದ್ಧಿಯೊಂದೇ ಸಾಲದು. ದೀರ್ಘವಾದ ದುಡಿಮೆಯೂ ಬೇಕು.

ಇನ್ನು ಕೆಲವರು ‘ಅಸಾಧ್ಯ’ವೆಂದೇ ಬರೆಯುವುದುಂಟು. ಇದಂತೂ ಪೂರಾ ತಪ್ಪು. ಕಡಿದಾದ ಬೆಟ್ಟವು ಹತ್ತಲಾಗದ ಬೆಟ್ಟವಲ್ಲ.

ಕನ್ನಡದಲ್ಲಿ ತಕ್ಕ ಶಬ್ದವಿಲ್ಲವೆಂಬ ನೆವವೂ ನಿಲ್ಲದು. ಕಾರ್ಯಕ್ಕೆ ‘ಶ್ರಮಸಾಧ್ಯ’, ದಾರಿಗೆ ‘ದುರ್ಗಮ’, ಏರಿಗೆ ‘ಕಡಿದಾದ’ ಎಂಬ ಮಾತುಗಳು ನಮ್ಮಲ್ಲಿಯೇ ಇವೆ. ಸಂದರ್ಭವನ್ನರಿತು ಇವುಗಳಲ್ಲೊಂದನ್ನು ಆರಿಸುವಷ್ಟು ಶ್ರಮಕ್ಕೂ ಹಿಂಜರಿಯುವವರು ಅನುವಾದಕ್ಕೆ ಕೈಹಾಕದಿರುವುದೇ ಲೇಸು.